ವಿಷದ ಬಲ ಎಲ್ಲಿದೆ?

ಹಾವಿನ ವಿಷ, ಕಾಲರಾ ರೋಗಾಣು, ಔಡಲದ ಬೀಜ, ಪೆನ್ಸಿಲಿನ್ ಮಾತ್ರೆ. ಈ ನಾಲ್ಕನ್ನು ನಾವು ಒಂದೇ ಸಾಲಿನಲ್ಲಿಟ್ಟು ಯೋಚಿಸುವುದು ಕಡಿಮೆ. ಆದರೆ ನಾಲ್ಕರ ಕಸುಬೂ ಒಂದೇ: ಒಂದು ಜೀವಿ ಇನ್ನೊಂದರ ಜೀವಕೋಶದಲ್ಲಿ ಯಾವುದೋ ಒಂದು ಭಾಗವನ್ನು ಹಿಡಿದು, ಅದರ ಕೆಲಸ ಕೆಡಿಸುವುದು. ಆ ಇನ್ನೊಂದು ಜೀವಿಯೂ ಸುಮ್ಮನೆ ಕೂರುವುದಿಲ್ಲ. ಹಿಡಿತಕ್ಕೆ ಸಿಗದಂತೆ ತನ್ನ ಭಾಗವನ್ನೇ ಬದಲಿಸಿಕೊಳ್ಳುತ್ತದೆ, ಇಲ್ಲವೇ ಆಯುಧವನ್ನು ದಾರಿಯಲ್ಲೇ ಮುರಿಯುತ್ತದೆ. ವಿಷದ ಮಾತು ಬಂದಾಗ ‘ಎಷ್ಟು ಘೋರ’ ಎಂದು ಎಲ್ಲರೂ ಕೇಳುತ್ತಾರೆ, ‘ಎಲ್ಲಿ ಹಿಡಿಯುತ್ತದೆ’ ಎಂದು ಕೇಳುವವರು ಕಡಿಮೆ. ನಮ್ಮ ನಡುವೆ ಓಡಾಡುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಆ ಕೇಳದ ಪ್ರಶ್ನೆಯಿಂದಲೇ ಹುಟ್ಟಿದವು.

ತಪ್ಪು ಕಲ್ಪನೆ 1: ವಿಷ ಎಂದರೆ ಜೀವಕೋಶವನ್ನು ಕೊಲ್ಲುವ ವಸ್ತು.

ವಾಸ್ತವ: ಮನುಷ್ಯನನ್ನು ಕೊಲ್ಲಲು ಅವನ ಜೀವಕೋಶವನ್ನು ಕೊಲ್ಲಲೇಬೇಕೆಂದಿಲ್ಲ. ಕಾಲರಾ ಇದಕ್ಕೆ ಸಾಕ್ಷಿ.

1884ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವಿನ ಅಧ್ಯಯನ ಮಾಡಿದ ರಾಬರ್ಟ್ ಕಾಕ್, ಅದು ಯಾವುದೋ ವಿಷವನ್ನು ಹೊರಬಿಡುತ್ತಿರಬೇಕು ಎಂದು ಊಹಿಸಿದ್ದರು. ಊಹೆ ರುಜುವಾತಾಗಲು 75 ವರ್ಷ ಹಿಡಿಯಿತು. 1959ರಲ್ಲಿ ಅದೇ ಕಲ್ಕತ್ತೆಯ ಶಂಭುನಾಥ ಡೇ, ರೋಗಾಣುಗಳನ್ನೆಲ್ಲ ಸೋಸಿ ತೆಗೆದ ದ್ರವವನ್ನು ಮೊಲದ ಕರುಳಿಗೆ ಬಿಟ್ಟರು. ಎರಡೂ ಕಡೆ ದಾರ ಕಟ್ಟಿದ ಕರುಳಿನ ಆ ತುಂಡು ನೀರು ತುಂಬಿ ಊದಿಕೊಂಡಿತು. ರೋಗಾಣುವೇ ಇಲ್ಲದೆ ಕಾಲರಾ!

ಈ ವಿಷ ಕರುಳಿನ ಒಳಪದರದ ಜೀವಕೋಶವನ್ನು ಒಡೆಯುವುದಿಲ್ಲ, ಕರಗಿಸುವುದೂ ಇಲ್ಲ. ಒಳಹೊಕ್ಕು ಒಂದೇ ಒಂದು ಪ್ರೋಟೀನನ್ನು ಹಿಡಿಯುತ್ತದೆ. ಹೊರಗಿನಿಂದ ಸಂದೇಶ ಬಂದಾಗ ಮಾತ್ರ ಚಾಲೂ ಆಗಿ, ಆಮೇಲೆ ತಾನೇ ಆರಬೇಕಾದ ಪ್ರೋಟೀನ್ ಅದು. ವಿಷ ತಗುಲಿದ ಮೇಲೆ ಆರುವುದೇ ಇಲ್ಲ. ಜೀವಕೋಶ ಕ್ಲೋರೈಡನ್ನು ಹೊರಗೆ ಸುರಿಯುತ್ತಲೇ ಇರುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ರೋಗ ಉಲ್ಬಣಿಸಿದರೆ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಹುದು. ರೋಗಿ ಸಾಯುವುದು ನೀರು ಬತ್ತಿ. ಆಗಲೂ ಕರುಳಿನ ಜೀವಕೋಶಗಳು ಬದುಕಿಯೇ ಇರುತ್ತವೆ.

ಓಆರ್‌ಎಸ್ ಕೆಲಸ ಮಾಡುವುದೂ ಇದೇ ಕಾರಣಕ್ಕೆ. ಸಕ್ಕರೆಯನ್ನೂ ಉಪ್ಪನ್ನೂ ಜೊತೆಯಾಗಿ ಒಳಗೆಳೆದುಕೊಳ್ಳುವ ದಾರಿ ಅದೇ ಜೀವಕೋಶಗಳಲ್ಲಿ ಬೇರೆಯೇ ಇದೆ, ವಿಷ ಅದನ್ನು ಮುಟ್ಟುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಪಶ್ಚಿಮ ಬಂಗಾಳದ ಬಂಗಾವ್‌ಗೆ ಬಂದಿಳಿದಾಗ ಕಾಲರಾ ಹರಡಿತು. ಡ್ರಿಪ್ ಬಾಟಲಿಗಳು ಮುಗಿದವು. ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಉಪ್ಪು, ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ವಿಷಕ್ಕೆ ಮದ್ದು ಕೊಟ್ಟಿರಲಿಲ್ಲ. ವಿಷ ಮುಟ್ಟದ ದಾರಿಯನ್ನು ಬಳಸಿಕೊಂಡಿದ್ದರು, ಅಷ್ಟೆ.

ತಪ್ಪು ಕಲ್ಪನೆ 2: ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಧನುರ್ವಾಯು ಬರುತ್ತದೆ.

ವಾಸ್ತವ: ತುಕ್ಕು ನಿರಪರಾಧಿ. ಅಪರಾಧಿ ಮಣ್ಣು ಮತ್ತು ಸಗಣಿಯಲ್ಲಿ ಬೀಜಾಣುವಾಗಿ ಮಲಗಿರುವ ಬ್ಯಾಕ್ಟೀರಿಯಾ. ಗಾಳಿಯಾಡದ ಆಳವಾದ ಗಾಯ ಸಿಕ್ಕರೆ ಅದು ಎಚ್ಚರಗೊಳ್ಳುತ್ತದೆ. ಹೊಸ ಮೊಳೆ, ಜಾಲಿಮುಳ್ಳು, ಮಣ್ಣು ಮೆತ್ತಿದ ಗುದ್ದಲಿ, ಹೊಕ್ಕುಳಬಳ್ಳಿ ಕತ್ತರಿಸಿದ ಕೊಳಕು ಬ್ಲೇಡು, ಯಾವುದಾದರೂ ನಡೆದೀತು. ಹೊಳೆಯುವ ಮೊಳೆ ಚುಚ್ಚಿತೆಂದು ಟಿಟಿ ತೆಗೆದುಕೊಳ್ಳದೆ ಉಳಿಯುವುದು ಈ ತಪ್ಪು ಕಲ್ಪನೆಯ ಅಪಾಯಕಾರಿ ಮುಖ.

ಇದರ ವಿಷ ನರದ ಗುಂಟ ಬೆನ್ನುಹುರಿಗೆ ಏರುತ್ತದೆ. ಸ್ನಾಯುಗಳಿಗೆ ‘ಇನ್ನು ಸಾಕು, ಸಡಿಲಾಗು’ ಎಂಬ ಸೂಚನೆ ಕೊಡುವ ನರಕೋಶಗಳನ್ನೇ ಹುಡುಕಿ ಹೊಕ್ಕು, ಅಲ್ಲಿರುವ ಸೈನಾಪ್ಟೊಬ್ರೆವಿನ್ ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಸಂದೇಶದ ರಾಸಾಯನಿಕವನ್ನು ಹೊರಬಿಡಲು ಆ ಪ್ರೋಟೀನ್ ಬೇಕೇಬೇಕು. ಸಡಿಲಿಸುವ ಸೂಚನೆ ನಿಂತಾಗ ದವಡೆ ಕಚ್ಚಿಕೊಳ್ಳುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ.

ಈಗ ಕೆಟ್ಟ ಡಬ್ಬಿ ಆಹಾರದಲ್ಲಿ ಹುಟ್ಟುವ ಬೊಟುಲಿನಂ ವಿಷವನ್ನು ನೋಡಿ. ಅದರ ಹಲವು ಬಗೆಗಳಲ್ಲಿ ‘ಬಿ’ ಎಂಬುದು ಅದೇ ಸೈನಾಪ್ಟೊಬ್ರೆವಿನನ್ನು, ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಅದೇ ಕೊಂಡಿಯಲ್ಲಿ ಕತ್ತರಿಸುತ್ತದೆ ಎಂದು 1992ರಲ್ಲಿ ಇಟಲಿಯ ಪಾದುವಾದ ವಿಜ್ಞಾನಿಗಳು ತೋರಿಸಿದರು. ಆದರೂ ರೋಗ ತದ್ವಿರುದ್ಧ: ಅಲ್ಲಿ ಮೈಯೆಲ್ಲ ಸೆಟೆದರೆ ಇಲ್ಲಿ ಮೈಯೆಲ್ಲ ಸೋತು ಬೀಳುತ್ತದೆ. ಬೊಟುಲಿನಂ ಬೆನ್ನುಹುರಿಗೆ ಏರದೆ, ಸ್ನಾಯುವನ್ನು ಬಿಗಿಗೊಳಿಸುವ ನರದ ತುದಿಯಲ್ಲೇ ನಿಲ್ಲುತ್ತದೆ. ಕತ್ತರಿ ಒಂದೇ, ಕತ್ತರಿಸಿದ್ದೂ ಒಂದೇ. ರೋಗವನ್ನು ನಿರ್ಧರಿಸಿದ್ದು ಜಾಗ.

ಇನ್ನೊಂದು ಮಾತು. ಧನುರ್ವಾಯು ಬಂದು ಬದುಕಿ ಉಳಿದವರಿಗೂ ಅದು ಮತ್ತೆ ಬರಬಹುದು. ರೋಗ ತರಲು ಸಾಕಾಗುವ ವಿಷದ ಪ್ರಮಾಣ ಎಷ್ಟು ಕಡಿಮೆಯೆಂದರೆ, ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಗುರುತಿಟ್ಟುಕೊಳ್ಳುವುದಿಲ್ಲ. ಲಸಿಕೆಯಲ್ಲಿ ಇರುವುದು ಹಲ್ಲು ಕಿತ್ತ ಅದೇ ವಿಷ, ಆದರೆ ಗುರುತು ಸಿಗುವಷ್ಟು. ಗರ್ಭಿಣಿಯರಿಗೆ ಲಸಿಕೆ ಮತ್ತು ಶುಚಿಯಾದ ಹೆರಿಗೆ, ಈ ಎರಡರಿಂದ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತ 2015ರ ಹೊತ್ತಿಗೆ ನಿರ್ಮೂಲನದ ಮಟ್ಟಕ್ಕೆ ಇಳಿಸಿತು.

ತಪ್ಪು ಕಲ್ಪನೆ 3: ಹಾವಿನೊಡನೆ ಕಾದಾಡಿದ ಮುಂಗುಸಿ ಕಾಡಿಗೆ ಓಡಿ ಯಾವುದೋ ಬೇರು ತಿಂದು ವಿಷ ಇಳಿಸಿಕೊಳ್ಳುತ್ತದೆ.

ವಾಸ್ತವ: ಮುಂಗುಸಿಯ ಮದ್ದು ಬೇರಿನಲ್ಲಿಲ್ಲ, ಅದರ ಸ್ನಾಯುವಿನಲ್ಲೇ ಇದೆ.

ನರದಿಂದ ಬರುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಹಿಡಿಯಲು ಸ್ನಾಯುಕೋಶದ ಮೇಲೆ ಗ್ರಾಹಕಗಳಿವೆ. ನಾಗರಹಾವಿನ ನರವಿಷ ಆ ಗ್ರಾಹಕದ ಮೇಲೆ ಗಟ್ಟಿಯಾಗಿ ಕುಳಿತುಬಿಡುತ್ತದೆ. ನರ ಕೂಗುತ್ತಿರುತ್ತದೆ, ಸ್ನಾಯುವಿಗೆ ಕೇಳಿಸುವುದಿಲ್ಲ. ಮೊದಲು ಕಣ್ಣರೆಪ್ಪೆ ಜೋಲುತ್ತದೆ, ಕೊನೆಗೆ ಉಸಿರಾಟದ ಸ್ನಾಯು ಸೋಲುತ್ತದೆ. ಮುಂಗುಸಿಯ ಗ್ರಾಹಕದಲ್ಲಿ ವಿಷ ಕೂರಬೇಕಾದ ಜಾಗದಲ್ಲೇ ಒಂದು ಸಕ್ಕರೆಯ ಸರಪಳಿ ಅಂಟಿಕೊಂಡಿದೆ ಎಂದು ಇಸ್ರೇಲಿನ ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿದರು. ಪುಟ್ಟ ಅಸಿಟೈಲ್‌ಕೋಲಿನ್ ನುಸುಳಿ ಹೋಗುತ್ತದೆ, ದಪ್ಪ ವಿಷದ ಅಣುವಿಗೆ ಜಾಗ ಸಿಗುವುದಿಲ್ಲ. ನಾಗರಹಾವು ತನ್ನ ವಿಷದಿಂದ ತಾನು ಉಳಿದಿರುವುದೂ ಹೆಚ್ಚುಕಡಿಮೆ ಇದೇ ಉಪಾಯದಿಂದ.

ಇದು ಅಮರತ್ವವೇನಲ್ಲ, ವಿಷ ಅತಿಯಾದರೆ ಮುಂಗುಸಿಯೂ ಸಾಯುತ್ತದೆ. ಗ್ರಾಹಕದ ಈ ಬದಲಾವಣೆ ರಕ್ತಸ್ರಾವ ಮಾಡಿಸುವ ವಿಷವನ್ನು ತಡೆಯುವುದೂ ಇಲ್ಲ. ಅದಕ್ಕೆ ಮುಂಗುಸಿಯ ರಕ್ತದಲ್ಲಿ ಬೇರೆಯೇ ಪ್ರೋಟೀನುಗಳಿವೆ. ಗುರಿ ಬೇರೆಯಾದರೆ ಗುರಾಣಿಯೂ ಬೇರೆ.

ತಪ್ಪು ಕಲ್ಪನೆ 4: ವಿಷದ ಹಾವುಗಳ ವಿಷವೆಲ್ಲ ಒಂದೇ, ಬಿಗಿಯಾಗಿ ಕಟ್ಟಿ ಮೇಲೇರದಂತೆ ತಡೆದರೆ ಸಾಕು.

ವಾಸ್ತವ: ಹಾವಿನ ವಿಷ ಒಂದು ವಸ್ತುವಲ್ಲ, ಹತ್ತಾರು ಪ್ರೋಟೀನುಗಳ ಮಿಶ್ರಣ. ನಮ್ಮಲ್ಲಿ ಹೆಚ್ಚು ಜೀವ ತೆಗೆಯುವ ನಾಲ್ಕು ಹಾವುಗಳೂ ಬೇರೆ ಬೇರೆ ಕಡೆ ಹೊಡೆಯುತ್ತವೆ.

ನಾಗರಹಾವಿನ ವಿಷ ಸ್ನಾಯುವಿನ ಗ್ರಾಹಕವನ್ನು ಮುಚ್ಚುತ್ತದೆ, ಜೊತೆಗೆ ಕಚ್ಚಿದ ಜಾಗದ ಮಾಂಸವನ್ನೂ ಕೊಳೆಸುತ್ತದೆ. ಕಟ್ಟುಹಾವಿನ ವಿಷ ಎದುರು ಬದಿಯಲ್ಲಿರುವ ನರದ ತುದಿಯನ್ನೇ ಹಾಳುಗೆಡವುತ್ತದೆ. ಕೊಳಕುಮಂಡಲ ಮತ್ತು ಗರಗಸಮಂಡಲದ ವಿಷ ರಕ್ತಕ್ಕೆ ಕೈಹಾಕುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಅಕಾಲದಲ್ಲಿ ಚಾಲೂ ಮಾಡಿ ಖಾಲಿ ಮಾಡುವುದರಿಂದ, ಆಮೇಲೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಅದಕ್ಕಾಗಿಯೇ ಆಸ್ಪತ್ರೆಯಲ್ಲಿ ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪಾಯಿತೇ ಎಂದು ನೋಡುತ್ತಾರೆ.

ಈ ವ್ಯತ್ಯಾಸ ಬದುಕು ಸಾವಿನ ವ್ಯತ್ಯಾಸ. ನಾಗರಹಾವು ಕಚ್ಚಿದಾಗ ನರದ ತುದಿ ಸರಿಯಿರುವುದರಿಂದ, ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುವ ನಿಯೊಸ್ಟಿಗ್ಮಿನ್ ಎಂಬ ಔಷಧಿ ನೆರವಾಗುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನು ಕೆಡಿಸಿದ ಮೇಲೆ ಆಂಟಿವೆನಂ ಕೂಡ ಅದನ್ನು ರಿಪೇರಿ ಮಾಡಲಾರದು. ತುದಿ ಮತ್ತೆ ಬೆಳೆಯುವವರೆಗೆ ವೆಂಟಿಲೇಟರ್ ಮೇಲೆ ಉಸಿರಾಡಿಸಬೇಕು. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚಿದಾಗ ಹೆಚ್ಚು ನೋವಾಗಲೀ ಊತವಾಗಲೀ ಇರುವುದಿಲ್ಲ. ‘ಏನೂ ಆಗಿಲ್ಲವಲ್ಲ’ ಎಂದು ಬೆಳಗಿನವರೆಗೆ ಕಾಯುವುದೇ ಮುಳುವಾಗುತ್ತದೆ.

ಬಿಗಿಯಾಗಿ ಕಟ್ಟುವುದರಿಂದ ಮಂಡಲದ ಹಾವುಗಳ ಮಾಂಸ ಕೊಳೆಸುವ ವಿಷ ಒಂದೇ ಕಡೆ ನಿಂತು ಕಾಲನ್ನೇ ಕಳೆಯುತ್ತದೆ. ಬಿಚ್ಚಿದ ತಕ್ಷಣ ಉಳಿದದ್ದು ಒಮ್ಮೆಲೇ ಮೇಲೇರುತ್ತದೆ. ಕೊಯ್ಯುವುದು, ಬಾಯಿಯಿಂದ ಹೀರುವುದು ಇನ್ನೂ ಕೆಟ್ಟದ್ದು. ಕಚ್ಚಿಸಿಕೊಂಡ ಅಂಗವನ್ನು ಅಲುಗಾಡಿಸದೆ, ಆದಷ್ಟು ಬೇಗ ಆಂಟಿವೆನಂ ಇರುವ ಆಸ್ಪತ್ರೆಗೆ ಕರೆದೊಯ್ಯುವುದೊಂದೇ ದಾರಿ. ಆಂಟಿವೆನಂ ವಿಷವನ್ನು ಹಿಡಿಯುವುದು ಅದು ಗುರಿ ಮುಟ್ಟುವ ಮೊದಲು. ತಡವಾದಷ್ಟೂ ಅದಕ್ಕೆ ಹಿಡಿಯಲು ಉಳಿಯುವುದು ಕಡಿಮೆ.

ಆಂಟಿವೆನಂಗೂ ಮಿತಿಯಿದೆ. ನಮ್ಮಲ್ಲಿ ಸಿಗುವುದು ಈ ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು. ಮಲೆನಾಡಿನ ತೋಟಗಳಲ್ಲಿ ತರಗೆಲೆಯ ನಡುವೆ ಮಲಗುವ, ಮೂತಿಯ ತುದಿ ಮೇಲಕ್ಕೆದ್ದ ಚಿಕ್ಕ ಗುಳಿಮಂಡಲಕ್ಕೆ ಅದು ಒದಗುವುದಿಲ್ಲ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ಈ ತಂಡ ಅಮೆರಿಕದ ವಿಜ್ಞಾನಿಗಳ ಜೊತೆಗೂಡಿ, ನಾಗರಹಾವಿನ ಬಳಗದ ಒಂದು ಮುಖ್ಯ ನರವಿಷವನ್ನು ತಡೆಯುವ ಕೃತಕ ಪ್ರತಿಕಾಯವೊಂದನ್ನು 2024ರಲ್ಲಿ ಪ್ರಕಟಿಸಿತು. ಆ ಪ್ರತಿಕಾಯ ಸ್ನಾಯುವಿನ ಗ್ರಾಹಕದ ರೂಪವನ್ನೇ ಅನುಕರಿಸಿ ವಿಷವನ್ನು ತನ್ನ ಕಡೆಗೆ ಸೆಳೆಯುತ್ತದೆ. ಅದೇ ವರ್ಷ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು.

ತಪ್ಪು ಕಲ್ಪನೆ 5: ಗಿಡಗಳಿಗೆ ಕೋರೆಯಿಲ್ಲ, ಉಗುರಿಲ್ಲ, ಅವು ಪಾಪದವು. ಗಿಡದಿಂದ ಬಂದದ್ದು ಅಪಾಯ ಮಾಡುವುದಿಲ್ಲ.

ವಾಸ್ತವ: ಓಡಲಾರದ ಜೀವಿಗೆ ರಸಾಯನವೇ ಕೋರೆ. ಬಯಲುಸೀಮೆಯ ರೈತರಿಗೆ ಇದು ಹೊಸದಲ್ಲ. ಮೊಣಕಾಲೆತ್ತರದ ಎಳೆ ಜೋಳ, ಮಳೆ ಕೈಕೊಟ್ಟು ಬಾಡಿದ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ, ಇವಕ್ಕೆ ದನ ಬಿಡಬಾರದೆಂದು ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಹೊಟ್ಟೆ ತುಂಬ ಮೇಯ್ದ ಎಮ್ಮೆ ಗಂಟೆಯೊಳಗೆ ಒದ್ದಾಡಿ ಸತ್ತ ಉದಾಹರಣೆಗಳಿವೆ.

ಜೋಳದ ಎಲೆಯಲ್ಲಿ ಸಯನೈಡ್ ಹಾಗೇ ಇರುವುದಿಲ್ಲ. ಇದ್ದರೆ ಜೋಳವೇ ಸಾಯುತ್ತಿತ್ತು. ಎಲೆಯ ಹೊರಪದರದ ಕೋಶಗಳಲ್ಲಿ ಧುರಿನ್ ಎಂಬ ವಸ್ತು, ಒಳಗಿನ ಕೋಶಗಳಲ್ಲಿ ಅದನ್ನು ಒಡೆಯುವ ಕಿಣ್ವ. ಬೇರೆ ಬೇರೆ ಇರುವಷ್ಟು ಹೊತ್ತು ಎರಡೂ ಸಾಧು. ಅರಿಶಿನವೂ ಸುಣ್ಣವೂ ಕಲೆತೊಡನೆ ಕೆಂಪೇಳುವಂತೆ, ದನದ ಹಲ್ಲಿಗೆ ಸಿಕ್ಕಿ ಎಲೆ ಜಜ್ಜಿದ ಕ್ಷಣ ಇವೆರಡೂ ಸೇರಿ ಸಯನೈಡ್ ಹುಟ್ಟುತ್ತದೆ. ಅದು ಹಿಡಿಯುವುದು ಜೀವಕೋಶದ ಮೈಟೊಕಾಂಡ್ರಿಯಾದಲ್ಲಿ ಆಮ್ಲಜನಕವನ್ನು ಬಳಸುವ ಕಟ್ಟಕಡೆಯ ಕಿಣ್ವವನ್ನು. ರಕ್ತದಲ್ಲಿ ಆಮ್ಲಜನಕ ತುಂಬಿ ತುಳುಕುತ್ತಿದ್ದರೂ ಬಳಸಲಾಗದೆ ಪ್ರಾಣಿ ಉಸಿರುಗಟ್ಟುತ್ತದೆ. ಹಾಗಾಗಿಯೇ ಆಗ ರಕ್ತ ಕಡುಗೆಂಪಾಗಿ ಹೊಳೆಯುತ್ತದೆ. ತಕ್ಷಣ ಪಶುವೈದ್ಯರು ಬಂದು ಸೋಡಿಯಂ ಥಯೋಸಲ್ಫೇಟ್ ಕೊಟ್ಟರೆ, ದೇಹ ಸಯನೈಡನ್ನು ಹೆಚ್ಚು ಅಪಾಯವಿಲ್ಲದ ಥಯೋಸಯನೇಟ್ ಆಗಿ ಬದಲಿಸಿ ಹೊರಹಾಕಬಲ್ಲದು.

ಔಡಲದ ಬೀಜದಲ್ಲಿರುವ ರಿಸಿನ್ ಇನ್ನೊಂದು ತಂತ್ರ. ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮಿನಲ್ಲಿ ಸಾವಿರಾರು ಘಟಕಗಳಿವೆ; ರಿಸಿನ್ ಅದರಿಂದ ಒಂದೇ ಒಂದು ಅಡಿನೀನನ್ನು ಕಿತ್ತು ಹಾಕುತ್ತದೆ. ಅಷ್ಟಕ್ಕೆ ರೈಬೋಸೋಮ್ ನಿಷ್ಪ್ರಯೋಜಕ. ರಿಸಿನ್ನಿನ ಒಂದು ಅಣು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ರೈಬೋಸೋಮುಗಳನ್ನು ಹೀಗೆ ಕೆಡಿಸಬಲ್ಲದು. ಹಾಗಾದರೆ ಹರಳೆಣ್ಣೆ? ರಿಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ, ಬಿಸಿಗೂ ಕೆಡುತ್ತದೆ. ಆದ್ದರಿಂದ ಎಣ್ಣೆಯಲ್ಲಿ ಅದು ಇರುವುದಿಲ್ಲ, ಉಳಿಯುವುದು ಹಿಂಡಿಯಲ್ಲಿ. ಗೊಬ್ಬರಕ್ಕೆಂದು ತಂದ ಔಡಲ ಹಿಂಡಿಗೆ ನಾಯಿ, ದನ ಬಾಯಿ ಹಾಕದಂತೆ ನೋಡಿಕೊಳ್ಳಬೇಕಾದದ್ದು ಇದಕ್ಕೇ.

ತಪ್ಪು ಕಲ್ಪನೆ 6: ಅಡಿಕೆಗೆ ಕೊಳೆ ಬಂದ ಮೇಲೆ ಬೋರ್ಡೋ ಹೊಡೆದರೆ ವಾಸಿಯಾಗುತ್ತದೆ.

ವಾಸ್ತವ: ಮೈಲುತುತ್ತಿಗೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಚಿಕಿತ್ಸೆಯಲ್ಲ, ಕಾವಲು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವಿವರವಾಗಿ ಬರೆದರು. ರೋಗ ತರುವುದು ಫೈಟಾಫ್ತೊರ. ನೋಡಲು ಶಿಲೀಂಧ್ರದಂತಿದ್ದರೂ ಅದು ನಿಜವಾದ ಶಿಲೀಂಧ್ರವಲ್ಲ, ನೀರಿನಲ್ಲಿ ಈಜುವ ಬೀಜಾಣುಗಳುಳ್ಳ ಬೇರೆಯೇ ಬಳಗ. ಮಳೆಹನಿಯೇ ಅದರ ವಾಹನ. ಅಡಿಕೆಯ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಮಾಡುತ್ತಿದ್ದ ಹಳಬರು ರೋಗಾಣುವನ್ನು ಕಾಣದೆಯೇ ಅದರ ದಾರಿ ಮುಚ್ಚಿದ್ದರು.

ಮೈಲುತುತ್ತನ್ನು ಬರಿದೇ ಎರಚಿದರೆ ಗಿಡವೂ ಸುಡುತ್ತದೆ. ಸುಣ್ಣ ಬೆರೆಸಿದಾಗ ತಾಮ್ರ ಸುಲಭವಾಗಿ ಕರಗದ ರೂಪಕ್ಕೆ ತಿರುಗಿ ಕಾಯಿಯ ಮೇಲೆ ಅಂಟಿಕೊಳ್ಳುತ್ತದೆ, ಸ್ವಲ್ಪ ಸ್ವಲ್ಪವೇ ಬಿಡುಗಡೆಯಾಗುತ್ತದೆ. ಬಂದಿಳಿದ ಬೀಜಾಣುವಿನೊಳಗೆ ಸೇರಿ ಅದರ ಕಿಣ್ವಗಳನ್ನು ಕೆಡಿಸಲು ಅಷ್ಟು ಸಾಕು. ಕಾಯಿಯ ಒಳಗೆ ಆಗಲೇ ಹೊಕ್ಕಿರುವುದನ್ನು ಅದು ಮುಟ್ಟಲಾರದು. ಮಳೆ ಹಿಡಿಯುವ ಮೊದಲೇ ಒಂದು ಸುತ್ತು ಹೊಡೆಯಬೇಕೆಂದು ಹೇಳುವುದರ ಕಾರಣ ಇಷ್ಟೇ.

ತಪ್ಪು ಕಲ್ಪನೆ 7: ಪದೇ ಪದೇ ಆಂಟಿಬಯಾಟಿಕ್ ತಿಂದರೆ ನಮ್ಮ ದೇಹ ಅದಕ್ಕೆ ಒಗ್ಗಿಹೋಗುತ್ತದೆ.

ವಾಸ್ತವ: ಒಗ್ಗುವುದು ನಮ್ಮ ದೇಹವಲ್ಲ, ಬ್ಯಾಕ್ಟೀರಿಯಾ. ಜೀವಮಾನದಲ್ಲಿ ಒಮ್ಮೆಯೂ ಆಂಟಿಬಯಾಟಿಕ್ ಮುಟ್ಟದವರಿಗೂ, ಬೇರೆಡೆ ಪಳಗಿದ ಬ್ಯಾಕ್ಟೀರಿಯಾ ತಗುಲಿದರೆ ಔಷಧಿ ಕೆಲಸ ಮಾಡುವುದಿಲ್ಲ.

ಪೆನ್ಸಿಲಿನ್ ಮನುಷ್ಯನ ಆವಿಷ್ಕಾರಕ್ಕಿಂತ ಮೊದಲು ಬೂಷ್ಟಿನ ಆಯುಧ. ಬ್ಯಾಕ್ಟೀರಿಯಾ ತನ್ನ ಕೋಶದ ಗೋಡೆಯನ್ನು ಹೆಣೆಯುವ ಕಿಣ್ವವನ್ನು ಅದು ಹಿಡಿಯುತ್ತದೆ. ಗೋಡೆ ಸಡಿಲವಾಗಿ, ನೀರು ನುಗ್ಗಿ ಬ್ಯಾಕ್ಟೀರಿಯಾ ಒಡೆಯುತ್ತದೆ. ನಮ್ಮ ಜೀವಕೋಶಕ್ಕೆ ಆ ಗೋಡೆಯೇ ಇಲ್ಲವಾದ್ದರಿಂದ ನಾವು ಬಚಾವ್. ನೆಗಡಿಯ ವೈರಸ್ಸಿಗೂ ಗೋಡೆಯಿಲ್ಲ, ಹಾಗಾಗಿ ಅದೂ ಬಚಾವ್. ನೆಗಡಿಗೆ ಪೆನ್ಸಿಲಿನ್ ನುಂಗುವುದು ವ್ಯರ್ಥವೆನ್ನಲು ಈ ಒಂದು ಸಂಗತಿ ಸಾಕು.

ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುವ ದಾರಿಗಳೂ ನಮಗೆ ಪರಿಚಿತವೇ. ಎಂಆರ್‌ಎಸ್‌ಎ ಎಂದು ಆಸ್ಪತ್ರೆಗಳು ಹೆದರುವ ಬ್ಯಾಕ್ಟೀರಿಯಾ, ಪೆನ್ಸಿಲಿನ್ ಸರಿಯಾಗಿ ಹಿಡಿಯಲಾಗದ ಬದಲಿ ಕಿಣ್ವವನ್ನು ಇಟ್ಟುಕೊಂಡಿದೆ. ಇದು ಮುಂಗುಸಿಯ ಉಪಾಯವೇ. ಇನ್ನು ಕೆಲವು ಪೆನ್ಸಿಲಿನ್ನನ್ನೇ ತುಂಡರಿಸುವ ಕಿಣ್ವ ತಯಾರಿಸುತ್ತವೆ. ಅಂಥ ಕಿಣ್ವವನ್ನು ಏಬ್ರಹಾಂ ಮತ್ತು ಚೈನ್ 1940ರಲ್ಲೇ ವರದಿ ಮಾಡಿದ್ದರು, ಅಂದರೆ ಪೆನ್ಸಿಲಿನ್ ಇನ್ನೂ ಜನರ ಕೈಸೇರುವ ಮೊದಲು. ಕೆನಡಾದ ಯುಕಾನ್‌ನಲ್ಲಿ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲೂ ಪ್ರತಿರೋಧದ ಜೀನುಗಳು ಸಿಕ್ಕಿವೆ ಎಂದು 2011ರಲ್ಲಿ ಪ್ರಕಟವಾಯಿತು. ಬೂಷ್ಟು ಮತ್ತು ಬ್ಯಾಕ್ಟೀರಿಯಾಗಳ ಜಗಳ ನಮಗಿಂತ ಹಳೆಯದು. ಬೇಕಾಬಿಟ್ಟಿ ಮಾತ್ರೆ ನುಂಗಿ ನಾವು ಮಾಡುವುದು, ಗುರಾಣಿ ಇರುವ ಬ್ಯಾಕ್ಟೀರಿಯಾ ಮಾತ್ರ ಉಳಿದು ಮರಿ ಹಾಕುವಂತೆ ನೋಡಿಕೊಳ್ಳುವ ಕೆಲಸ.

ತಪ್ಪು ಕಲ್ಪನೆ 8: ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು.

ವಾಸ್ತವ: ಅದು ಏರಿಸುತ್ತಲೇ ಹೋಗಬೇಕಾದ ಅಂಕಿಯಲ್ಲ. ನಮ್ಮ ರಕ್ಷಣಾ ವ್ಯವಸ್ಥೆಯೂ ಜೀವಕೋಶಗಳನ್ನು ಕೊಲ್ಲುವ ಆಯುಧಗಳ ಉಗ್ರಾಣವೇ. ವೈರಸ್ ಹೊಕ್ಕ ಜೀವಕೋಶ ಕಂಡರೆ ಕೆಲವು ಬಿಳಿರಕ್ತಕಣಗಳು ಪರ್ಫೊರಿನ್ ಎಂಬ ಪ್ರೋಟೀನಿನಿಂದ ಅದರ ಪೊರೆಗೆ ರಂಧ್ರ ಕೊರೆದು, ಒಳಗೆ ಸಾವಿನ ಕಿಣ್ವಗಳನ್ನು ಬಿಡುತ್ತವೆ. ಗಾಯದ ಕೀವು ‘ಕೆಟ್ಟ ರಕ್ತ’ ಅಲ್ಲ, ಕಾದಾಡಿ ಸತ್ತ ಬಿಳಿರಕ್ತಕಣಗಳ ರಾಶಿ. ಇಂಥ ವ್ಯವಸ್ಥೆಗೆ ಬಲಕ್ಕಿಂತ ಮುಖ್ಯವಾಗಿ ಬೇಕಾದದ್ದು ಗುರಿಯ ನಿಖರತೆ. ಗುರಿ ತಪ್ಪಿ ಮೇದೋಜೀರಕದ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನೇ ಕೊಂದರೆ ಟೈಪ್-1 ಮಧುಮೇಹ. ಕೀಲಿನ ಒಳಪದರದ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ. ‘ಇಮ್ಯುನಿಟಿ ಬೂಸ್ಟರ್’ ಎಂದು ಬಾಟಲಿಯ ಮೇಲೆ ಬರೆದು ಮಾರುವವರು, ಯಾವ ಆಯುಧವನ್ನು, ಯಾವುದರ ಮೇಲೆ ಎಂದು ಹೇಳುವುದಿಲ್ಲ.

ಇದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಮಯಸ್ತೀನಿಯಾ ಗ್ರಾವಿಸ್ ಎಂಬ ರೋಗ. ಕಣ್ಣರೆಪ್ಪೆ ಜೋಲುತ್ತದೆ, ಅಗಿಯುವಾಗ ದವಡೆ ಸೋಲುತ್ತದೆ, ಉಲ್ಬಣಿಸಿದರೆ ಉಸಿರಾಟವೂ ಕಷ್ಟ. ಬಹುಕಾಲ ಇದರ ಕಾರಣ ತಿಳಿದಿರಲಿಲ್ಲ. 1963ರಲ್ಲಿ ತೈವಾನಿನ ವಿಜ್ಞಾನಿಗಳು ಅಲ್ಲಿನ ಕಟ್ಟುಹಾವಿನ ಜಾತಿಯ ಹಾವೊಂದರ ವಿಷದಿಂದ ಸ್ನಾಯುವಿನ ಗ್ರಾಹಕಕ್ಕೆ ಬಿಡದೆ ಅಂಟುವ ಅಂಶವೊಂದನ್ನು ಬೇರ್ಪಡಿಸಿದ್ದರು. ಹತ್ತು ವರ್ಷದ ನಂತರ ಅದನ್ನೇ ಗುರುತಿನ ಚೀಟಿಯಾಗಿ ಬಳಸಿ ಎಣಿಸಿದಾಗ, ಈ ರೋಗಿಗಳ ಸ್ನಾಯುವಿನಲ್ಲಿ ಗ್ರಾಹಕಗಳು ತೀರ ಕಡಿಮೆಯಿದ್ದವು. ಅವನ್ನು ಹಾಳುಗೆಡವುತ್ತಿದ್ದುದು ರೋಗಿಯದೇ ಪ್ರತಿಕಾಯಗಳು ಎಂಬುದು ಆ ಹೊತ್ತಿನ ಸಂಶೋಧನೆಗಳಿಂದ ಗೊತ್ತಾಯಿತು.

ಒಂದು ಕಡೆ ನಾಗರಹಾವು, ಇನ್ನೊಂದು ಕಡೆ ನಮ್ಮದೇ ರಕ್ಷಣಾ ವ್ಯವಸ್ಥೆ. ಇಬ್ಬರೂ ಕೈಹಾಕಿದ್ದು ಒಂದೇ ಗ್ರಾಹಕಕ್ಕೆ. ಹಾಗಾಗಿ ಲಕ್ಷಣವೂ ಒಂದೇ, ನೆರವಿಗೆ ಬರುವ ಔಷಧಿಯೂ ನಿಯೊಸ್ಟಿಗ್ಮಿನ್ ಮತ್ತು ಅದರ ಬಳಗದ್ದೇ. ಹೊಡೆದವರು ಯಾರು ಎಂಬುದಕ್ಕಿಂತ ಎಲ್ಲಿ ಹೊಡೆದರು ಎಂಬುದು ವೈದ್ಯರಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ; ನಮಗೂ ಅಷ್ಟೆ.